ನಾವು ಕೇಳಿ ಮಾಡಿಸಿದ ಸೂಜಿ

ಗಡಿಯ ಈಚೆಗಿರಲಿ, ಆಚೆಗಿರಲಿ, ಕನ್ನಡದ ಮನೆಗಳಲ್ಲಿ ಬಾಣಂತನವೆಂದರೆ ಒಂದು ವ್ರತವಿದ್ದಂತೆ. ಅದಕ್ಕೆ ಅದರದೇ ಕೋಣೆ, ಅದರದೇ ಅಡಿಗೆ, ಅದರದೇ ವಿಧಿನಿಷೇಧಗಳು. ಕಿಟಕಿ ಮುಚ್ಚಬೇಕು, ಹೊರಸಿನ ಕೆಳಗೆ ಕೆಂಡವಿರಬೇಕು, ತಲೆಗೂ ಕಿವಿಗೂ ಬಟ್ಟೆ ಕಟ್ಟಿರಬೇಕು. ಅಂಟಿನ ಉಂಡೆ, ಅಳವಿಯ ಪಾಯಸ, ಒಣಕೊಬ್ಬರಿ, ತುಪ್ಪ, ಇವೆಲ್ಲ ಧಾರಾಳ. ಆದರೆ ನೀರು ಮಾತ್ರ ಧಾರಾಳವಲ್ಲ. ಅದು ತೊಟ್ಟು ತೊಟ್ಟಾಗಿ, ಅಳೆದು ಕೊಡುವ ವಸ್ತು.

ಮಿರಜದಿಂದ ಪೂರ್ವಕ್ಕಿರುವ ಖಂಡೇರಾಜುರಿಯ ನಮ್ಮ ಮನೆಯಲ್ಲಿ ಈ ವಿದ್ಯೆಯ ಅಧಿಕಾರವು ಆಯಿಯಿಂದ ಅವ್ವನಿಗೆ, ಅವ್ವನಿಂದ ನಮ್ಮ ಮನೆಯವರಿಗೆ ಬಂದಿತ್ತು. ಬೀದಿಯಲ್ಲಿ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ ಎಂಬುದು ನಮ್ಮಂಥವರ ಬಾಳುವೆ. ಆದರೆ ಬಾಣಂತನದ ಶಾಸ್ತ್ರದಲ್ಲಿ ಎರಡು ಭಾಷೆಗಳಿಗೂ ಭೇದವಿಲ್ಲ. ನೆರೆಯ ಮರಾಠಿ ಮನೆಯ ಆಜಿಯೂ ನಮ್ಮ ಆಯಿಯೂ ಒಂದೇ ಮಾತು ಹೇಳುತ್ತಿದ್ದರು: “ಬಾಣಂತಿ ನೀರ ಕುಡದರ ಹೊಟ್ಟಿ ಬರ್ತದ, ಕೂಸಿಗಿ ಥಂಡಿ ಆಗ್ತದ.” ಈ ಮಾತನ್ನು ನಾವಾರೂ ಎಂದೂ ಪರೀಕ್ಷಿಸಿ ನೋಡಿರಲಿಲ್ಲ. ಹಿರಿಯರ ಮಾತು ಪರೀಕ್ಷೆಗೆ ಒಳಪಡುವಂಥದೆಂದು ನಮಗೆ ತೋರಿಯೂ ಇರಲಿಲ್ಲ.

ಇಂದು ಈ ಬರಹಕ್ಕೆ ಕುಳಿತಿರುವುದು ಹಿರಿಯರನ್ನು ಹಳಿಯುವುದಕ್ಕಲ್ಲ. ನಮ್ಮ ಮನೆಯಲ್ಲಿ ನಡೆದುದನ್ನು, ಅದರಲ್ಲಿ ನಮ್ಮ ಪಾಲು ಎಷ್ಟೆಂಬುದನ್ನು ಹೇಳಿಕೊಳ್ಳುವುದಕ್ಕೆ. ಈ ಮಾಸಿಕವು ಹೋಗುವ ಮನೆಗಳಲ್ಲಿ ಈ ತಿಂಗಳೂ ಯಾವಳೋ ಒಬ್ಬ ಮಗಳು ಹೆರಿಗೆಗೆಂದು ತವರಿಗೆ ಬಂದಿರುತ್ತಾಳೆ. ಅವಳಿಗಾಗಿ ಈ ಮಾತು.

ಮೊದಲು ಒಂದು ಹಳೆಯ ಸಂಗತಿ. 1969ರಲ್ಲಿ, ನಮಗೆ ಹತ್ತು ವರ್ಷವಿದ್ದಾಗ, ನಮ್ಮ ದೊಡ್ಡಕ್ಕ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಗಂಡು ಕೂಸು. ಐದನೆಯ ರಾತ್ರಿ ಸಟವಿಯ ಪೂಜೆಯಾಯಿತು. ಅಂದು ಆಕೆ ಕೂಸಿನ ಹಣೆಬರಹ ಬರೆದು ಹೋಗುತ್ತಾಳೆಂದು ನಮ್ಮವರ ನಂಬಿಕೆ. ಒಂಬತ್ತನೆಯ ದಿನ ಅಕ್ಕನಿಗೆ ತಲೆಶೂಲೆ ಹತ್ತಿತು. ಹನ್ನೊಂದನೆಯ ದಿನ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಕಣ್ಣು ಮೇಲಕ್ಕೆ ಹೋದವು. “ಬಾಣಂತಿ ಸನ್ನಿ” ಎಂದರು ಹೆಂಗಸರು. “ಗಾಳಿ ಬಡಿದಿದೆ” ಎಂದರು ಗಂಡಸರು. ನಿಂಬೆಹಣ್ಣು ಬಂತು, ಭಸ್ಮ ಬಂತು. ಹದಿಮೂರನೆಯ ದಿನ, ತೊಟ್ಟಿಲು ಹಾಕಬೇಕಾಗಿದ್ದ ಹೊತ್ತಿಗೆ, ಅಕ್ಕ ಹೊರಟುಹೋದಳು. ಬಾಯಿ ಒಣಗಿದೆಯೆಂದು ಅವಳು ನೀರು ಕೇಳಿದ್ದೂ, ಅವ್ವ ಒದ್ದೆಯ ಬಟ್ಟೆಯಿಂದ ತುಟಿಯನ್ನಷ್ಟೇ ಒರೆಸಿದ್ದೂ ನಮ್ಮ ಕಣ್ಣಿನಲ್ಲಿ ಇನ್ನೂ ಇದೆ. ಆ ಕೂಸು ಬದುಕಿತು. ಅವನೀಗ ಮೊಮ್ಮಕ್ಕಳನ್ನು ಎತ್ತಿಕೊಂಡವನು.

ಅರ್ಧ ಶತಮಾನ ಕಳೆಯಿತು. 2018ರ ಮೇ ತಿಂಗಳು. ಅಥಣಿಯ ಕಡೆಗೆ ಕೊಟ್ಟಿದ್ದ ತಮ್ಮನ ಮಗಳು ಹೆರಿಗೆಗೆ ಬಂದಳು. ಕಾಲ ಬದಲಾಗಿದೆಯೆಂಬ ಅಭಿಮಾನ ನಮಗೆ. ಹೆರಿಗೆ ಮಿರಜದ ದವಾಖಾನೆಯಲ್ಲಿ ಸುಖವಾಗಿ ಆಯಿತು. ಹೆಣ್ಣು ಕೂಸು. ಮೂರನೆಯ ದಿನ ಮನೆಗೆ ಕರೆತಂದೆವು. ಆದರೆ ದವಾಖಾನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಬಂದೊಡನೆ ನಾವು ಐವತ್ತು ವರ್ಷ ಹಿಂದಕ್ಕೆ ಹೋದೆವು. ಹೊರಗೆ ಕಾದ ಹಂಚಿನಂಥ ಬಿಸಿಲು, ಒಳಗೆ ಮುಚ್ಚಿದ ಕಿಟಕಿ, ಹೊರಸಿನ ಕೆಳಗೆ ಕೆಂಡ. ಅಜವಾನ ಹಾಕಿ ಕುದಿಸಿದ ನೀರು ದಿನಕ್ಕೆ ಒಂದು ಸಣ್ಣ ತಂಬಿಗೆ. ಹುಡುಗಿ ಬಿ.ಎಸ್ಸಿ. ಓದಿದವಳು. “ದೊಡ್ಡಪ್ಪಾ, ಡಾಕ್ಟರರು ನೀರು ಚೆನ್ನಾಗಿ ಕುಡಿ ಅಂದಾರ” ಎಂದು ನಮ್ಮೊಡನೆ ಒಮ್ಮೆ ಹೇಳಿದಳು. “ನಿಮ್ಮ ದೊಡ್ಡವ್ವ ಹೇಳಿದ್ಹಂಗ ಕೇಳು, ತಂಗಿ” ಎಂದೆವು ನಾವು. ಮಾಸ್ತರಿಕೆ ಮಾಡಿ ನಿವೃತ್ತರಾದ ನಾವು.

ಎಂಟನೆಯ ದಿನ ಅವಳಿಗೆ ತಲೆನೋವು ಆರಂಭವಾಯಿತು. ಮಲಗಿದರೆ ಹೆಚ್ಚು, ಬೆಳಗಿನ ಜಾವದಲ್ಲಿ ಇನ್ನೂ ಹೆಚ್ಚು. ಎರಡು ಸಲ ವಾಂತಿಯಾಯಿತು. ಕೂಸಿನ ಅಳುವಿನಿಂದ ನಿದ್ದೆಗೆಟ್ಟದ್ದೆಂದು ನಾವು ಅರ್ಥ ಮಾಡಿದೆವು. ಮನೆಯವರು ದೃಷ್ಟಿ ತೆಗೆದರು. ಸಂಜೆ ನೋವು ತಡೆಯದಾದಾಗ ಹತ್ತಿರದ ಡಾಕ್ಟರರನ್ನು ಕರೆಸಿದೆವು. ಅವರು ರಕ್ತದೊತ್ತಡ ನೋಡಿದರು, ಗುಳಿಗೆ ಕೊಟ್ಟರು. “ನಾಳೆ ಕಡಿಮೆ ಆಗದಿದ್ದರೆ ಮಿರಜಕ್ಕೆ ಒಯ್ಯಿರಿ” ಎಂದರು. ಅಲ್ಲಿಗೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ನಾವು ಸುಮ್ಮನಿರಲಿಲ್ಲ. ನಮ್ಮ ಕಾಕಾ ಅವರ ಮಂಡಿನೋವಿಗೆ ಹಿಂದೆ ಒಂದು ಸೂಜಿ ಮಾಡಿದ್ದರು. ಅದು ಗಂಟೆಯೊಳಗೆ ಅವರನ್ನು ಎಬ್ಬಿಸಿ ನಡೆಸಿತ್ತು. ಆ ಸೂಜಿಯ ಕೀರ್ತಿ ಓಣಿಗೆಲ್ಲ ಹರಡಿತ್ತು. ನಾವೇ ಕೈಮುಗಿದು ಕೇಳಿದೆವು: “ಸಾಹೇಬರ, ಕಾಕಾಗ ಮಾಡಿದ್ರಲ್ಲ, ಆ ಸೂಜಿ ಮಾಡ್ರಿ. ಹುಡುಗಿ ಸಂಕಟ ನೋಡಲಾಗವಲ್ದು.” ಅವರು ತಡವರಿಸಿದರು. ನಾವು ಮತ್ತೆ ಕೇಳಿದೆವು. ಅವರು ಮಾಡಿದರು. ಚೀಟಿಯ ಮೇಲೆ ಬರೆದಿದ್ದ ಹೆಸರನ್ನು ನಾವು ಮುಂದೆ ಎಷ್ಟು ಸಲ ಓದಿಕೊಂಡೆವೋ ಲೆಕ್ಕವಿಲ್ಲ. ಡೆಕ್ಸಾಮೆಥಾಸೋನ್.

ಆ ರಾತ್ರಿ ಹುಡುಗಿ ಎದ್ದು ಕುಳಿತು ಉಂಡಳು, ಕೂಸನ್ನು ನೋಡಿ ನಕ್ಕಳು. ನಾವು ಸೂಜಿಯನ್ನು ಹೊಗಳಿದೆವು. ಮರುದಿನ ನೋವು ಮರಳಿತು. ಮರುದಿನವೂ ಸೂಜಿ ಕೇಳಿದೆವು. ಹತ್ತನೆಯ ದಿನ ಅವಳು, “ದೊಡ್ಡವ್ವಾ, ಕಣ್ಣು ಮಂಜಾಗ್ಯಾವ” ಎಂದಳು. ಬಲಗೈಯಲ್ಲಿ ಹಿಡಿದ ಬಟ್ಟಲು ಜಾರಿತು. ಹನ್ನೊಂದನೆಯ ದಿನ ನಸುಕಿನಲ್ಲಿ ಕೈಕಾಲು ಸೆಟೆದವು.

ಐವತ್ತು ವರ್ಷಗಳ ಹಿಂದಿನ ಆ ಮುಖವನ್ನು ನಾವು ಆ ಕೋಣೆಯಲ್ಲಿ ಮತ್ತೊಮ್ಮೆ ಕಂಡೆವು. ಈ ಸಲ ನಿಂಬೆಹಣ್ಣು ತರಿಸಲಿಲ್ಲ. ಗಾಡಿ ತರಿಸಿದೆವು. ಖಂಡೇರಾಜುರಿಯಿಂದ ಮಿರಜ ದೂರವೇನಲ್ಲ. ಆದರೆ ಅಂದು ಆ ದಾರಿ ಮುಗಿಯಲೇ ಇಲ್ಲ.

ಮಿರಜವು ದವಾಖಾನೆಗಳ ಊರು. ವಿಲಿಯಂ ವಾನ್ಲೆಸ್ ಎಂಬ ಕೆನಡಾ ದೇಶದ ವೈದ್ಯರು 1894ರಲ್ಲಿ ಅಲ್ಲಿ ಮಿಶನ್ ದವಾಖಾನೆಯನ್ನು ತೆರೆದಂದಿನಿಂದ ಬೆಳಗಾವಿ, ವಿಜಾಪುರ, ಸೊಲ್ಲಾಪುರಗಳ ಕಡೆಯ ರೋಗಿಗಳು ಆ ಊರಿನ ದಾರಿ ಹಿಡಿಯುತ್ತ ಬಂದರು. ಆದುದರಿಂದ ಅಲ್ಲಿನ ವೈದ್ಯರಿಗೆ ಕನ್ನಡ ಹೊಸತಲ್ಲ. ನಮ್ಮ ಹುಡುಗಿಯನ್ನು ನೋಡಿದ ನರರೋಗ ತಜ್ಞರೂ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಮಾತನಾಡಿದರು. ಮೊದಲು ಮೂರ್ಛೆ ನಿಲ್ಲಿಸಿದರು. ಆಮೇಲೆ ತಲೆಯ ಎಂ.ಆರ್.ಐ. ತೆಗೆಯಿಸಿ, ರಕ್ತನಾಳಗಳ ಚಿತ್ರವನ್ನು ಬೇರೆಯಾಗಿ ತೆಗೆಯಿಸಿದರು. ಸಂಜೆ ನಮ್ಮನ್ನು ಕರೆದು ಆ ಚಿತ್ರವನ್ನು ಬೆಳಕಿಗೆ ಹಿಡಿದರು.

“ನಿಮ್ಮ ಹೊಲ ಜವಳು ಆಗ್ಯಾದೇನ್ರಿ?” ಎಂದು ಅವರು ಕೇಳಿದರು. ಈ ಪ್ರಶ್ನೆ ನಮಗೆ ವಿಚಿತ್ರವೆನಿಸಿತು. ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳನ್ನು ಕಂಡವರಿಗೆ ಜವಳು ಎಂದರೇನೆಂದು ಹೇಳಬೇಕಾಗಿಲ್ಲ. ನೀರು ಬರುತ್ತಲೇ ಇರುತ್ತದೆ, ಬಸಿದು ಹೋಗಲು ದಾರಿಯಿರುವುದಿಲ್ಲ. ಭೂಮಿ ಉಬ್ಬಿ, ಬೇರು ಕೊಳೆಯುತ್ತದೆ. “ಈ ಹುಡುಗಿ ತಲಿಯೊಳಗೂ ಹಂಗ ಆಗ್ಯಾದ” ಎಂದರು.

ಅವರು ತಿಳಿಸಿದುದರ ಸಾರಾಂಶವಿದು. ಹೃದಯದಿಂದ ಮಿದುಳಿಗೆ ಶುದ್ಧ ರಕ್ತವನ್ನು ತರುವ ನಾಳಗಳು ಬೇರೆ. ಅಶುದ್ಧ ರಕ್ತವನ್ನು ಮರಳಿ ಒಯ್ಯುವ ಅಭಿಧಮನಿಗಳು ಬೇರೆ. ಮಿದುಳಿನ ಅಭಿಧಮನಿಗಳು ತಲೆಬುರುಡೆಯ ಒಳಗೆ ಹಾಯುವ ಕೆಲವು ದೊಡ್ಡ ಕಾಲುವೆಗಳಿಗೆ ಬಂದು ಕೂಡುತ್ತವೆ. ಅವುಗಳಲ್ಲಿ ದೊಡ್ಡದೊಂದು ಹಣೆಯಿಂದ ಹಿಂದಲೆಯವರೆಗೆ ನಡುಬೈತಲೆಯ ಕೆಳಗೆ ಸಾಗುತ್ತದೆ. ಆ ಕಾಲುವೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಹಿಂದಿನ ರಕ್ತ ನಿಲ್ಲುತ್ತದೆ, ಒತ್ತಡ ಏರುತ್ತದೆ, ಮಿದುಳು ಬಾವುತ್ತದೆ. ಕೆಲವೊಮ್ಮೆ ಸಣ್ಣ ನಾಳಗಳು ಒಡೆದು ಒಳಗೇ ರಕ್ತ ಸೋರುತ್ತದೆ. ತಲೆನೋವು, ವಾಂತಿ, ಮಂಜುಗಣ್ಣು, ಮೂರ್ಛೆ, ಕೈಕಾಲಿನ ದೌರ್ಬಲ್ಯ, ಇವೆಲ್ಲ ಆ ಒಂದೇ ತಡೆಯ ಫಲ. ಸೆರೆಬ್ರಲ್ ವೀನಸ್ ಥ್ರಾಂಬೋಸಿಸ್ ಎಂದು ವೈದ್ಯರು ಕರೆಯುವುದು ಇದನ್ನೇ. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆದುದರಲ್ಲಿ ಎಷ್ಟೋ ಪಾಲು ಇದೇ ಆಗಿದ್ದೀತು. ಅಕ್ಕನಿಗೆ ಆದದ್ದು ಇದೇ ಎಂದು ಇಂದು ಯಾರೂ ಖಚಿತವಾಗಿ ಹೇಳಲಾರರು. ನಮ್ಮ ಮನಸ್ಸು ಮಾತ್ರ ಹಾಗೆಂದು ನಂಬಿಬಿಟ್ಟಿದೆ.

ಲೋಕದ ಲೆಕ್ಕದಲ್ಲಿ ಇದು ವಿರಳವಾದ ರೋಗ. 2012ರಲ್ಲಿ ಪ್ರಕಟವಾದ, ನೆದರ್‌ಲ್ಯಾಂಡ್ಸ್ ದೇಶದ ಒಂದು ಗಣನೆಯ ಪ್ರಕಾರ ವರ್ಷಕ್ಕೆ ಹತ್ತು ಲಕ್ಷ ಪ್ರೌಢರಲ್ಲಿ ಸುಮಾರು 13 ಮಂದಿಗೆ ಇದು ಬರುತ್ತದೆ. ಆದರೆ ಬಾಣಂತಿಯ ಪಾಲಿಗೆ ಅಪಾಯ ಹೆಚ್ಚು. ಹೆರಿಗೆಯ ರಕ್ತಸ್ರಾವ ನಿಲ್ಲಲೆಂದು ಪ್ರಕೃತಿಯೇ ಆಕೆಯ ರಕ್ತಕ್ಕೆ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿರುತ್ತದೆ. ಆ ಗುಣ ಹೆರಿಗೆಯ ನಂತರ ಕೆಲವು ವಾರಗಳವರೆಗೆ ಉಳಿಯುತ್ತದೆ. ಅದರ ಮೇಲೆ ರಕ್ತಹೀನತೆ, ಸೋಂಕು, ನೀರಿನ ಕೊರತೆ ಕೂಡಿದರೆ ಅಪಾಯ ಬೆಳೆಯುತ್ತದೆ. ನಮ್ಮ ದೇಶದ ವೈದ್ಯರಿಗೆ ಈ ರೋಗದ ಪರಿಚಯ ಬಹುಕಾಲದ್ದು. ಮದುರೆಯ ಡಾ. ಕೆ. ಶ್ರೀನಿವಾಸನ್ ಅವರು 1983ರಲ್ಲಿ, ಮಿದುಳಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ 135 ಮಂದಿ ಗರ್ಭಿಣಿ ಬಾಣಂತಿಯರ ವೃತ್ತಾಂತವನ್ನು ಪ್ರಕಟಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಕರ್ನಾಟಕದ ಹಳ್ಳಿಗಳಿಂದ ಇಂಥ ಬಾಣಂತಿಯರು ದಶಕಗಳಿಂದ ಬರುತ್ತಿದ್ದರು.

ಆಗ ನಾವು ನಮ್ಮ ಎದೆಯಲ್ಲಿದ್ದ ಪ್ರಶ್ನೆಯನ್ನು ಕೇಳಿದೆವು. “ಬಾವು ಅಂತ ನೀವೇ ಅಂತೀರಿ. ನಾವು ಮಾಡಿಸಿದ್ದು ಬಾವು ಇಳಿಸೋ ಸೂಜೀನ ಅಲ್ಲೇನ್ರಿ? ಮತ್ಯಾಕ ಇಳೀಲಿಲ್ಲ?”

ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಿಮ್ಮಂಗ ದೊಡ್ಡ ದೊಡ್ಡ ಡಾಕ್ಟರರೂ ಇದನ್ನ ಕೇಳ್ಯಾರ್ರಿ” ಎಂದರು. ಅವರು ಅಂದು ಹೇಳಿದ್ದು ಸ್ವಲ್ಪ. ಮುಂದೆ ವೈದ್ಯಕೀಯ ಓದುತ್ತಿದ್ದ ನಮ್ಮ ಮೊಮ್ಮಗನ ನೆರವಿನಿಂದ ನಾವು ಓದಿ ತಿಳಿದುಕೊಂಡದ್ದು ಹೆಚ್ಚು. ಮಾಸ್ತರಿಕೆಯ ಚಟ ಹೋಗುವುದಿಲ್ಲ. ತಪ್ಪಿದ ಲೆಕ್ಕವನ್ನು ಮತ್ತೆ ಮಾಡಿ ನೋಡದೆ ನಿದ್ದೆ ಬರುವುದಿಲ್ಲ.

ಕಾರ್ಟಿಕೋಸ್ಟಿರಾಯ್ಡ್ ಎಂಬ ಔಷಧಿಗಳ ಕಥೆ ಅದ್ಭುತದಿಂದಲೇ ಆರಂಭವಾದುದು. 1948ರಲ್ಲಿ ಅಮೇರಿಕೆಯ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಕದಲಲಾರದಂತಾಗಿದ್ದ ಒಬ್ಬ ಹೆಂಗಸಿಗೆ ಕಾರ್ಟಿಸೋನಿನ ಸೂಜಿ ಮಾಡಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. 1950ರಲ್ಲಿ ಹೆಂಚ್ ಹಾಗೂ ಅವರ ಸಂಗಡಿಗರಿಗೆ ನೊಬೆಲ್ ಪಾರಿತೋಷಕ ಬಂತು. ಅದೇ ದಶಕದ ಕೊನೆಗೆ ಡೆಕ್ಸಾಮೆಥಾಸೋನ್ ಬಂತು. ನಮ್ಮ ದೇಹವೇ ತಯಾರಿಸುವ ಕಾರ್ಟಿಸೋಲಿಗಿಂತ ಇದು ಸುಮಾರು 25 ಪಟ್ಟು ಬಲವುಳ್ಳದ್ದು. 1961ರಲ್ಲಿ ಗ್ಯಾಲಿಸಿಚ್ ಮತ್ತು ಫ್ರೆಂಚ್ ಎಂಬಿಬ್ಬರು ಅಮೇರಿಕನ್ ಶಸ್ತ್ರವೈದ್ಯರು ಮಿದುಳಿನ ಗಡ್ಡೆಯ ಸುತ್ತಲಿನ ಬಾವು ಇದರಿಂದ ಇಳಿಯುತ್ತದೆಂದು ತೋರಿಸಿದರು. ಆ ಮಾತು ನಿಜ, ಇಂದಿಗೂ ನಿಜ.

ತೊಡಕು ಹುಟ್ಟಿದ್ದು ಅಲ್ಲಿಂದ ಮುಂದೆ. ಗಡ್ಡೆಯ ಬಾವು ಇಳಿದರೆ ಪೆಟ್ಟಿನ ಬಾವೂ ಇಳಿಯಬೇಕು, ಹೆಪ್ಪಿನ ಬಾವೂ ಇಳಿಯಬೇಕು ಎಂದು ವೈದ್ಯರು ಊಹಿಸಿದರು. ಊಹೆ ಸಹಜವಾದದ್ದೇ. ಕಾಕಾನ ಮಂಡಿಗೆ ಹಿಡಿಸಿದ್ದು ಹುಡುಗಿಯ ತಲೆಗೂ ಹಿಡಿಸೀತು ಎಂಬ ನಮ್ಮ ಊಹೆಗೂ ಅದಕ್ಕೂ ಜಾತಿ ಒಂದೇ. ವ್ಯತ್ಯಾಸವೆಂದರೆ ಅವರು ಕೊನೆಗೆ ಎಣಿಸಿ ನೋಡಿದರು. ತಲೆಗೆ ಪೆಟ್ಟು ಬಿದ್ದ 10,008 ಮಂದಿಯಲ್ಲಿ ಇದೇ ಬಳಗದ ಇನ್ನೊಂದು ಔಷಧಿಯನ್ನು ಪರೀಕ್ಷಿಸಿದ ಫಲಿತಾಂಶ 2004ರಲ್ಲಿ ಹೊರಬಂತು. ಔಷಧಿ ಪಡೆದವರಲ್ಲಿ ಎರಡು ವಾರದೊಳಗೆ ನೂರಕ್ಕೆ 21 ಮಂದಿ ಸತ್ತಿದ್ದರು. ಪಡೆಯದವರಲ್ಲಿ ನೂರಕ್ಕೆ 18. ಪ್ರಪಂಚದ ತುಂಬ ದಶಕಗಳ ಕಾಲ ಜೀವ ಉಳಿಸುತ್ತದೆಂದು ಕೊಡುತ್ತಿದ್ದ ಔಷಧಿ ಜೀವ ತೆಗೆಯುತ್ತಿತ್ತು.

ಇನ್ನು ಮಿದುಳಿನ ಅಭಿಧಮನಿಗಳ ಹೆಪ್ಪು. ಪೋರ್ಚುಗಲ್ಲಿನ ಡಾ. ಫೆರೊ ಹಾಗೂ ಸಂಗಡಿಗರು 21 ದೇಶಗಳ 624 ರೋಗಿಗಳ ವೃತ್ತಾಂತವನ್ನು ಒಟ್ಟುಗೂಡಿಸಿ 2004ರಲ್ಲಿ ಪ್ರಕಟಿಸಿದರು. ಅದೇ ರೋಗಿಗಳಲ್ಲಿ ಸ್ಟಿರಾಯ್ಡ್ ಪಡೆದ 150 ಮಂದಿಯನ್ನು, ಪಡೆಯದ ಸಮಾನ ಸ್ಥಿತಿಯ ರೋಗಿಗಳೊಡನೆ ಹೋಲಿಸಿದ ಲೇಖನವು 2008ರಲ್ಲಿ ಬಂತು. ಔಷಧಿಯಿಂದ ಲಾಭ ಕಾಣಲಿಲ್ಲ. ಮಿದುಳಿಗೇ ಹಾನಿ ತಟ್ಟಿದ್ದವರಲ್ಲಿ ಅದನ್ನು ಪಡೆದವರ ಗತಿ ಇನ್ನೂ ಕೆಟ್ಟದಾಗಿತ್ತು. 2011ರ ಅಮೇರಿಕನ್ ಮಾರ್ಗಸೂಚಿಯೂ 2017ರ ಯುರೋಪಿನ ಮಾರ್ಗಸೂಚಿಯೂ ಈ ರೋಗದಲ್ಲಿ ಸ್ಟಿರಾಯ್ಡನ್ನು ವಾಡಿಕೆಯಾಗಿ ಕೊಡಬಾರದೆಂದು ಹೇಳುತ್ತವೆ. ಬೇಷೆಟ್ ರೋಗದಂಥ, ರಕ್ತನಾಳವೇ ಉರಿಯುವ ಬೇರೆ ಕಾರಣವಿದ್ದರೆ ಮಾತ್ರ ಅದಕ್ಕೆ ಸ್ಥಾನವುಂಟು.

ಕಾರಣ ತಿಳಿಯಲು ಮತ್ತೆ ಜವಳು ಹೊಲಕ್ಕೇ ಹೋಗಬೇಕು. ಬಸಿಗಾಲುವೆ ಮುಚ್ಚಿಹೋದ ಹೊಲದ ಮೇಲೆ ಏನನ್ನು ಎರಚಿದರೇನು? ಕಾಲುವೆ ತೆರೆಯಬೇಕು. ಸ್ಟಿರಾಯ್ಡಿಗೆ ಹೆಪ್ಪನ್ನು ಕರಗಿಸುವ ಶಕ್ತಿಯಿಲ್ಲ. ಅಷ್ಟೇ ಅಲ್ಲ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಅದು ಹೆಚ್ಚಿಸಬಲ್ಲದು. ನೋವನ್ನು ಒಂದು ರಾತ್ರಿ ಮರೆಮಾಡಿ, ರೋಗವನ್ನು ಒಳಗೇ ಬೆಳೆಯಗೊಡಬಲ್ಲದು. ನಮ್ಮ ಮನೆಯಲ್ಲಿ ಆದದ್ದು ಇದೇ.

ಅಂದು ಸಂಜೆ ವೈದ್ಯರು ಒಂದು ಕಾಗದವನ್ನು ಮುಂದಿಟ್ಟು ಸಹಿ ಕೇಳಿದರು. ಹೆಪ್ಯಾರಿನ್ ಎಂಬ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯನ್ನು ಆರಂಭಿಸುವುದಾಗಿ ಹೇಳಿದರು. ಚಿತ್ರದಲ್ಲಿ ಮಿದುಳಿನೊಳಗೆ ಸ್ವಲ್ಪ ರಕ್ತ ಸೋರಿರುವುದನ್ನು ಅವರೇ ತೋರಿಸಿದ್ದರು. ಸೋರುತ್ತಿರುವ ರಕ್ತವನ್ನು ತೆಳುವು ಮಾಡುವುದೆಂದರೇನು? ತಮ್ಮ ಗೋಡೆಗೆ ಒರಗಿ ಕುಳಿತುಬಿಟ್ಟ. ಅಳಿಯಂದಿರು ಇನ್ನೂ ಅಥಣಿಯ ದಾರಿಯಲ್ಲಿದ್ದರು. “ಅಣ್ಣಾ, ನೀ ಓದಿದಾಂವ. ನೀ ಹೇಳು” ಎಂದ ತಮ್ಮ. ಸೂಜಿ ಕೇಳಿ ಮಾಡಿಸುವಾಗ ನಮಗೆ ಎಷ್ಟು ಧೈರ್ಯವಿತ್ತು! ಈಗ ಲೇಖನಿ ಹಿಡಿದ ಕೈ ನಡುಗಿತು.

ವೈದ್ಯರು ಬೇಸರಿಸಲಿಲ್ಲ. ಇದೇ ಹೆದರಿಕೆ ವೈದ್ಯರಿಗೂ ಇತ್ತೆಂದು, ಅದನ್ನು ಪರೀಕ್ಷೆಯಿಂದಲೇ ಕಳೆದುಕೊಂಡರೆಂದು ಹೇಳಿದರು. 1991ರಲ್ಲಿ ಜರ್ಮನಿಯ ಡಾ. ಐನ್‌ಹಾಯ್ಪ್ಲ್ ಮತ್ತು ಸಂಗಡಿಗರು 20 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದ್ದರು. ಹೆಪ್ಯಾರಿನ್ ಪಡೆದ ಹತ್ತು ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಎಂಟು ಮಂದಿ ಪೂರ್ಣ ಗುಣವಾದರು. ಪಡೆಯದ ಹತ್ತು ಮಂದಿಯಲ್ಲಿ ಮೂವರು ಸತ್ತರು, ಒಬ್ಬರು ಮಾತ್ರ ಪೂರ್ಣ ಗುಣವಾದರು. ಇಪ್ಪತ್ತು ಮಂದಿ ಬಹಳ ಕಡಿಮೆ ಎಂದು ಸಂಶಯಪಟ್ಟವರಿದ್ದರು. ಆಗ ನಿಮ್ಹಾನ್ಸಿನಲ್ಲಿ, ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದ ಡಾ. ಡಿ. ನಾಗರಾಜ ಮತ್ತು ಸಂಗಡಿಗರು 57 ಮಂದಿ ಬಾಣಂತಿಯರಲ್ಲೇ ಹೆಪ್ಯಾರಿನ್ನನ್ನು ಪರೀಕ್ಷಿಸಿ, ಅದು ಹಿತವೆಂದು 1995ರಲ್ಲಿ ಪ್ರಕಟಿಸಿದರು. ಹೊರದೇಶದ ಲೆಕ್ಕ ಕೇಳಿದಾಗ ಅಲುಗದ ನಮ್ಮ ಮನಸ್ಸು ಈ ಮಾತಿಗೆ ಅಲುಗಿತು. ಆ ಐವತ್ತೇಳು ಮಂದಿ ನಮ್ಮಂಥ ಮನೆಗಳವರು. ಅಂಥದೇ ಹೊರಸಿನಿಂದ ಎದ್ದು ಹೋದವರು. ಅವರ ಮನೆಯ ಹಿರಿಯನೊಬ್ಬ ಇಂಥದೇ ಕಾಗದಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿರಬೇಕು. ಅವನ ಧೈರ್ಯದ ಸಾಲವನ್ನು ನಾವು ತೀರಿಸಲಾರೆವು. ಸಹಿ ಮಾಡಿದೆವು.

ನಾಲ್ಕು ದಿನ ಹುಡುಗಿ ಮಂಪರಿನಲ್ಲೇ ಇದ್ದಳು. ಐದನೆಯ ದಿನ “ಕೂಸು ಎಲ್ಲೈತಿ?” ಎಂದು ಕೇಳಿದಳು. ತಲೆಯ ಮೂಳೆ ತೆಗೆದು ಮಿದುಳಿಗೆ ಸ್ಥಳ ಮಾಡಿಕೊಡುವ ಶಸ್ತ್ರಕ್ರಿಯೆಯ ಮಾತು ಬಂದಿತ್ತು. ದೇವರ ದಯೆಯಿಂದ ಅದು ಬೇಕಾಗಲಿಲ್ಲ. ಬಲಗೈ ಸ್ವಾಧೀನಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ರಕ್ತ ಹೆಪ್ಪುಗಟ್ಟದಂತೆ ಗುಳಿಗೆಯನ್ನು ಆರು ತಿಂಗಳು ತೆಗೆದುಕೊಂಡಳು. ಎಚ್ಚರ ಬಂದ ಮೇಲೆ, ವೈದ್ಯರ ಒಪ್ಪಿಗೆಯಿಂದ, ಕೂಸಿಗೆ ಮೊಲೆಹಾಲನ್ನೂ ಕೊಟ್ಟಳು. ಹದಿಮೂರನೆಯ ದಿನ ಹಾಕಬೇಕಾಗಿದ್ದ ತೊಟ್ಟಿಲನ್ನು ನಲವತ್ತೇಳನೆಯ ದಿನ ಹಾಕಿದೆವು. ಆ ದಿನ ನಮ್ಮ ಮನೆಯವರು ಹಾಡಲು ಬಾಯಿ ತೆರೆದವರು ಹಾಡಲಾರದೆ ಕುಳಿತರು.

ದವಾಖಾನೆಯಿಂದ ಬಿಡುವ ದಿನ ನಾವು ವೈದ್ಯರನ್ನು ಏಕಾಂತದಲ್ಲಿ ಕಂಡು, ಸೂಜಿ ನಾವೇ ಕೇಳಿ ಮಾಡಿಸಿದ್ದೆಂದು, ನೀರು ನಾವೇ ಕೊಡಲಿಲ್ಲವೆಂದು ಹೇಳಿಕೊಂಡೆವು. ಅವರು ನಮ್ಮನ್ನು ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು. “ಸೂಜೀಲಿಂದನ ಆತು ಅಂತ ಹೇಳಲಾರೆ. ನೀರು ಕೊಡದ್ದಕ್ಕನ ಆತು ಅಂತನೂ ಹೇಳಲಾರೆ. ನೀರು ಕುಡದವರಿಗೂ ಈ ರೋಗ ಬರ್ತದ. ಆದರ ಮೂರು ದಿನ ಹೋದವು ನೋಡ್ರಿ” ಎಂದರು. ಆ ಮೂರು ದಿನಗಳನ್ನು ನಾವು ಇಂದಿಗೂ ಎಣಿಸುತ್ತಿದ್ದೇವೆ.

ಹಾಗಾದರೆ ಡೆಕ್ಸಾಮೆಥಾಸೋನ್ ಕೆಟ್ಟ ಔಷಧಿಯೇ? ಮೊಮ್ಮಗನಿಗೆ ನಾವು ಸಿಟ್ಟಿನಿಂದ ಈ ಪ್ರಶ್ನೆ ಹಾಕಿದಾಗ ಅವನು ಉತ್ತರವಾಗಿ ನಮ್ಮ ನೆರೆಯ ಬೆಳಗಾವಿಯ ಕಥೆಯನ್ನೇ ಹೇಳಿದ. ದಿನ ತುಂಬುವ ಮುನ್ನ ಹೆರಿಗೆಯಾಗುವಂತಿದ್ದರೆ ತಾಯಿಗೆ ಈ ಸೂಜಿಯನ್ನು ಕೊಟ್ಟು, ಹೊಟ್ಟೆಯಲ್ಲಿರುವ ಕೂಸಿನ ಪುಪ್ಪುಸಗಳನ್ನು ಬೇಗ ಬಲಿಯುವಂತೆ ಮಾಡಬಹುದು. ಇದನ್ನು ಹಳ್ಳಿಹಳ್ಳಿಗೂ ಒಯ್ದರೆ ಹೇಗೆಂದು ಆರು ದೇಶಗಳಲ್ಲಿ, ಸುಮಾರು ಒಂದು ಲಕ್ಷ ಹೆರಿಗೆಗಳಲ್ಲಿ ಪರೀಕ್ಷೆ ನಡೆಯಿತು. ಬೆಳಗಾವಿಯ ಭಾಗವೂ ಅದರಲ್ಲಿ ಸೇರಿತ್ತು. 2015ರಲ್ಲಿ ಅಚ್ಚಾದ ಫಲಿತಾಂಶ ಎಲ್ಲರನ್ನೂ ಬೆಚ್ಚಿಸಿತು. ಒಟ್ಟಿನ ಮೇಲೆ ಶಿಶುಮರಣ ಕಡಿಮೆಯಾಗುವ ಬದಲು ಸಾವಿರಕ್ಕೆ 24ರಿಂದ 27ಕ್ಕೆ ಏರಿತ್ತು. ತಿಂಗಳ ಲೆಕ್ಕ ಸರಿಯಾಗಿ ತಿಳಿಯದ ಕಡೆ, ಹುಟ್ಟಿದ ಕೂಸಿಗೆ ಆರೈಕೆಯಿಲ್ಲದ ಕಡೆ, ಬೇಕಾಗದವರಿಗೂ ಸೂಜಿ ತಲುಪಿತ್ತು. ಆಮೇಲೆ ಭಾರತವೂ ಸೇರಿ ಐದು ದೇಶಗಳಲ್ಲಿ, ಸೌಕರ್ಯವುಳ್ಳ 29 ದವಾಖಾನೆಗಳಲ್ಲಿ ಮಾತ್ರ, ತಿಂಗಳನ್ನು ಖಚಿತಪಡಿಸಿಕೊಂಡು, 2,852 ತಾಯಂದಿರಲ್ಲಿ ಪರೀಕ್ಷೆ ನಡೆಯಿತು. 2020ರಲ್ಲಿ ಬಂದ ಫಲಿತಾಂಶದಲ್ಲಿ ಶಿಶುಮರಣ ನೂರಕ್ಕೆ 23.5ರಿಂದ 19.6ಕ್ಕೆ ಇಳಿದಿತ್ತು. ಔಷಧಿ ಅದೇ, ತಾಯಂದಿರೂ ನಮ್ಮಂಥವರೇ. ಕೊಟ್ಟ ಸ್ಥಾನ ಬೇರೆ, ಫಲ ಬೇರೆ.

ಅದೇ 2020ರಲ್ಲಿ ಕೊರೋನಾ ಬಂತು. ಉಸಿರಾಟದ ಯಂತ್ರಕ್ಕೆ ಹಚ್ಚಿದ ರೋಗಿಗಳ ಮರಣವನ್ನು ಡೆಕ್ಸಾಮೆಥಾಸೋನ್ ಮೂರನೆಯ ಒಂದು ಪಾಲಿನಷ್ಟು ಇಳಿಸಿತೆಂದು ಇಂಗ್ಲೆಂಡಿನ ಪರೀಕ್ಷೆ ತೋರಿಸಿತು. ಆಮ್ಲಜನಕ ಬೇಕಾಗಿಲ್ಲದವರಿಗೆ ಅದೇ ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲ. ಆದರೂ ಜನ ಅಂಗಡಿಯಿಂದ ಕೊಂಡು ನುಂಗಿದರು. 2021ರಲ್ಲಿ ಮಹಾರಾಷ್ಟ್ರ ಕರ್ನಾಟಕಗಳೆರಡರಲ್ಲೂ ಕಪ್ಪು ಶಿಲೀಂಧ್ರದ ಹಾವಳಿ ಎದ್ದಾಗ, ಸಕ್ಕರೆ ಕಾಯಿಲೆಯ ಜೊತೆಗೆ ಸ್ಟಿರಾಯ್ಡಿನ ಅತಿಬಳಕೆಯನ್ನೂ ವೈದ್ಯರು ಕಾರಣವೆಂದರು. ನಮ್ಮ ಓಣಿಯಲ್ಲಿ ಸೂಜಿಯ ಕೀರ್ತಿ ಹರಡಿದಂತೆಯೇ ದೇಶದಲ್ಲೆಲ್ಲ ಹರಡಿತ್ತು.

ಔಷಧಿಗೆ ತನ್ನದೇ ಆದ ಒಳ್ಳೆಯತನ, ಕೆಟ್ಟತನ ಇಲ್ಲ. ಯಾವ ರೋಗಕ್ಕೆ, ಯಾವ ಹೊತ್ತಿನಲ್ಲಿ, ಯಾರಿಗೆ ಎಂಬುದರಲ್ಲಿ ಅದರ ಗುಣವಿದೆ. ಅದನ್ನು ನಿರ್ಣಯಿಸಲು ಮೊದಲು ರೋಗ ಯಾವುದೆಂದು ತಿಳಿಯಬೇಕು. ನಾವು ಮಾಡಿದ ತಪ್ಪು ಸೂಜಿ ಮಾಡಿಸಿದ್ದಷ್ಟೇ ಅಲ್ಲ. ರೋಗದ ಹೆಸರು ಕೇಳುವ ಮುನ್ನ ಔಷಧಿಯ ಹೆಸರು ಹೇಳಿದ್ದು.

ಆದುದರಿಂದ ಈ ಮಾಸಿಕವನ್ನು ಓದುವ ತಾಯಂದಿರಲ್ಲೂ ಅತ್ತೆಯಂದಿರಲ್ಲೂ ನಮ್ಮ ವಿನಂತಿ. ಹೆರಿಗೆಯಾದ ಆರೇಳು ವಾರಗಳೊಳಗೆ ಬಾಣಂತಿಗೆ ಹಿಂದೆಂದೂ ಬಾರದಂಥ ತಲೆನೋವು ಬಂದು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಮಲಗಿದಾಗ ಹೆಚ್ಚಾದರೆ, ವಾಂತಿಯಾದರೆ, ಕಣ್ಣು ಮಂಜಾದರೆ, ಕೈಯೋ ಕಾಲೋ ಸೋತರೆ, ಮಾತು ತೊಡರಿದರೆ, ನಾಳೆ ನೋಡೋಣವೆನ್ನಬೇಡಿರಿ. ಮೂರ್ಛೆ ಬಂದರಂತೂ ಒಂದು ಗಳಿಗೆಯೂ ನಿಲ್ಲಬೇಡಿರಿ. ರಕ್ತದೊತ್ತಡದ ನಂಜಿನಿಂದಲೂ ಇಂಥ ಲಕ್ಷಣಗಳು ಬರುತ್ತವೆ. ಎರಡೂ ದೊಡ್ಡ ದವಾಖಾನೆಯಲ್ಲೇ ನೋಡಬೇಕಾದವು. ಬಾಣಂತಿಗೆ ಬಾಯಾರಿಕೆಯಾದಷ್ಟು ನೀರು ಕೊಡಿರಿ. ಹಾಲೂಡುವ ತಾಯಿಗೆ ನೀರು ಹೆಚ್ಚೇ ಬೇಕು. ಅಂಟಿನ ಉಂಡೆಯೂ ಇರಲಿ, ಅಳವಿಯ ಪಾಯಸವೂ ಇರಲಿ. ಅವುಗಳ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ವೈದ್ಯರು ಹೇಳಿದಾಗ ಅವಳು ಎದ್ದು ನಾಲ್ಕು ಹೆಜ್ಜೆ ನಡೆದಾಡಲಿ. ಹಿಂದೆ ಈ ರೋಗ ಬಂದವರು ಗರ್ಭನಿರೋಧಕ ಗುಳಿಗೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು. ಕೆಲವು ಗುಳಿಗೆಗಳು ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತವೆ. ಮತ್ತು ಗಂಡಸರು ಈ ರೋಗವನ್ನು ಹೆಂಗಸರದೆಂದು ತಳ್ಳಿಹಾಕಬಾರದು. ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ 428 ರೋಗಿಗಳನ್ನು ಎಣಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡಸರೇ ಇದ್ದರು.

ಇದಕ್ಕೆ ಹೆದರಬೇಕಾಗಿಯೂ ಇಲ್ಲ. ಆ 624 ರೋಗಿಗಳಲ್ಲಿ ನೂರಕ್ಕೆ 79 ಮಂದಿ ಪೂರ್ಣವಾಗಿಯೋ ಬಹುಮಟ್ಟಿಗೋ ಗುಣವಾದರು. ಸಮಯಕ್ಕೆ ಗುರುತಿಸಿದರೆ ಇದು ಬದುಕಿ ಬರುವ ರೋಗ.

2022ರಲ್ಲಿ ನಮ್ಮ ಹುಡುಗಿ ಎರಡನೆಯ ಹೆರಿಗೆಗೆ ಬಂದಳು. ಬರಬಾರದೆಂದು ಯಾರೂ ಹೇಳಲಿಲ್ಲ. ವೈದ್ಯರನ್ನು ಮೊದಲೇ ಕೇಳಿಕೊಂಡೇ ಬಂದಿದ್ದಳು. ಹೆಪ್ಪು ತಡೆಯುವ ಸಣ್ಣ ಸೂಜಿಯನ್ನು ಅವರ ಅಪ್ಪಣೆಯಂತೆ ದಿನವೂ ತಾನೇ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುತ್ತಿದ್ದಳು. ನಾವು ಆ ಹೊತ್ತಿಗೆ ಮುಖ ತಿರುಗಿಸುತ್ತಿದ್ದೆವು. “ಯಾಕ ದೊಡ್ಡಪ್ಪಾ, ಸೂಜಿ ಅಂದ್ರ ನಿನಗ ಭಾಳ ಪ್ರೀತಿ ಅಲ್ಲೇನು?” ಎಂದು ನಕ್ಕಳು. ಆ ನಗೆಯಲ್ಲಿ ಕ್ಷಮೆಯಿತ್ತೋ, ಚೇಷ್ಟೆಯಿತ್ತೋ, ನಾವು ಕೇಳಲಿಲ್ಲ.

ಈ ಸಲ ಗಂಡು ಕೂಸು. ಕೋಣೆಯ ಕಿಟಕಿ ತೆರೆದಿತ್ತು. ನಮ್ಮ ಮನೆಯವರು ಹೊರಸಿನ ಪಕ್ಕದಲ್ಲಿ ಮುಕ್ಕಾಲಿ ಇಟ್ಟು, ಅದರ ಮೇಲೆ ತುಂಬಿದ ತಾಮ್ರದ ಕೊಡವನ್ನೂ ಲೋಟವನ್ನೂ ಇಟ್ಟಿದ್ದರು. ಸಂಜೆ ಕೊಡ ಬರಿದಾದರೆ ಅವರೇ ತುಂಬಿಸುತ್ತಿದ್ದರು. ಒಂದು ಸಂಜೆ ಅವರು ಕೊಡವನ್ನು ಕೆಳಗಿಟ್ಟು ನಮ್ಮ ಕಡೆಗೆ ನೋಡದೆಯೇ, “ಅಕ್ಕಾನೂ ನೀರು ಕೇಳಿದ್ಲಂತ, ಅತ್ತಿ ಹೇಳತಿದ್ರು” ಎಂದರು. ನಮ್ಮ ಅವ್ವ ಆ ಮಾತನ್ನು ಸೊಸೆಗೆ ಹೇಳಿದ್ದರೆಂದು ನಮಗೆ ಅಂದಿನವರೆಗೆ ತಿಳಿದಿರಲಿಲ್ಲ.